ಒಂದೇ ಹೆಸರು, ಮೂರು ನೀಲಿ ಹೂ: ನಿಮಗೆ ಬೇಕಾದ ವಿಷ್ಣುಕ್ರಾಂತಿ ಯಾವುದು?

ನರ್ಸರಿಗೆ ಹೋಗಿ "ವಿಷ್ಣುಕ್ರಾಂತಿ ಗಿಡ ಇದೆಯಾ?" ಎಂದು ಕೇಳಿ ನೋಡಿ. ಒಂದು ಕಡೆ ಬಳ್ಳಿ ತೋರಿಸುತ್ತಾರೆ. ಇನ್ನೊಂದು ಕಡೆ ಬೂದು ಬಣ್ಣದ ಎಲೆಯ, ಕುಂಡದ ತುಂಬ ಹರಡಿಕೊಂಡ ಗಿಡ ತೋರಿಸುತ್ತಾರೆ. ಮತ್ತೊಂದು ಕಡೆ "ಅದನ್ನ ನಾವು ಇಡಲ್ಲ ಅಕ್ಕ, ಹೊಲದ ಬದುವಿನಲ್ಲಿ ಸಿಗುತ್ತೆ ನೋಡಿ" ಎನ್ನುತ್ತಾರೆ. ನನ್ನ ಪ್ರಕಾರ ಸರಿಯಾದ ಉತ್ತರ ಕೊಟ್ಟವರು ಈ ಕೊನೆಯವರು.

ನಾನು ಮೊದಲ ಸಲ ಕೊಂಡು ತಂದದ್ದು ಬೂದು ಎಲೆಯ ಗಿಡವನ್ನು. ಚೀಟಿಯಲ್ಲಿ ಕನ್ನಡದಲ್ಲೇ "ವಿಷ್ಣುಕ್ರಾಂತಿ" ಎಂದು ಬರೆದಿತ್ತು. ಎರಡು ವರ್ಷ ಸಾಕಿದೆ, ತುಂಬ ಹೂ ಬಿಟ್ಟಿತು. ಹಬ್ಬಕ್ಕೆ ಊರಿಂದ ಬಂದ ಅಜ್ಜಿ ಅದನ್ನು ನೋಡಿದ ಕೂಡಲೇ ಹೇಳಿದರು: "ಇದಲ್ಲ ಕಣೆ. ಇದರ ಎಲೆ ದಪ್ಪ, ಹೂವೂ ದೊಡ್ಡದು. ನಮ್ಮದು ನೆಲ ಹಿಡಕೊಂಡು ಇರುತ್ತೆ, ಹೂವು ಕಡಲೆಕಾಳಿನಷ್ಟು." ಅಜ್ಜಿ ಹೇಳಿದ ಆ ಒಂದು ಮಾತಿನಲ್ಲಿ ಗುರುತು ಹಿಡಿಯುವ ಅರ್ಧ ಪಾಠ ಇತ್ತು. ಉಳಿದರ್ಧ ನಾನು ಆಮೇಲೆ ಕಲಿತದ್ದು. ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಯಾವುದು ಯಾವುದು

ಮೊದಲನೆಯದು ನಮ್ಮ ನೆಲದ ವಿಷ್ಣುಕ್ರಾಂತಿ. ಕೆಲವರು ವಿಷ್ಣುಕಾಂತಿ ಅಂತಲೂ ಹೇಳುತ್ತಾರೆ. ಸಸ್ಯಶಾಸ್ತ್ರದ ಹೆಸರು ಎವಾಲ್ವುಲಸ್ ಆಲ್ಸಿನಾಯ್ಡಿಸ್. ಒಣ ಹುಲ್ಲುಗಾವಲು, ಕಲ್ಲುಮಣ್ಣಿನ ಗುಡ್ಡ, ಮರಗಳು ದೂರ ದೂರ ಇರುವ ಕುರುಚಲು ಕಾಡು, ಇವೇ ಇದರ ಮನೆ. ಬಹುವಾರ್ಷಿಕ ಗಿಡ. ನೆಲದೊಳಗೆ ಗಟ್ಟಿಯಾದ, ಕಟ್ಟಿಗೆಯಂಥ ಸಣ್ಣ ಬೇರುಬುಡ ಇರುತ್ತದೆ. ಅಲ್ಲಿಂದ ನೂಲಿನಂಥ ಕಾಂಡಗಳು ಸುತ್ತಲೂ ಹರಡುತ್ತವೆ.

ಎರಡನೆಯದು ನರ್ಸರಿಯ ಬೂದು ಎಲೆಯ ಗಿಡ, ಎವಾಲ್ವುಲಸ್ ಗ್ಲೋಮರೇಟಸ್. ಇದು ಬ್ರೆಜಿಲ್ ಕಡೆಯದು. ಮಾರಾಟದಲ್ಲಿ ಇದಕ್ಕೆ 'ಬ್ಲೂ ಡೇಜ್' ಎಂಬ ಹೆಸರೇ ಜಾಸ್ತಿ. ನಮ್ಮ ವಿಷ್ಣುಕ್ರಾಂತಿಗೆ ನಿಜವಾದ ನೆಂಟ, ಒಂದೇ ಕುಲದ್ದು. ಹಾಗಾಗಿ ಹೆಸರು ಬದಲಾಗಿ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಮೂರನೆಯದು ಶಂಖಪುಷ್ಪ. ಗಿರಿಕರ್ಣಿಕೆ, ಅಪರಾಜಿತ ಅಂತಲೂ ಕರೆಯುವ ಬಳ್ಳಿ. ಇದು ಆ ಎರಡಕ್ಕೂ ಸಂಬಂಧವೇ ಇಲ್ಲದ ಗಿಡ. ಅವರೆ, ತೊಗರಿಯ ಕುಟುಂಬಕ್ಕೆ ಸೇರಿದ್ದು, ಕಾಯಿ ನೋಡಿದರೇ ಗೊತ್ತಾಗುತ್ತದೆ. ಆದರೆ ಹಳೆಯ ಸಂಸ್ಕೃತ ಹೆಸರುಗಳಲ್ಲಿ ವಿಷ್ಣುಕ್ರಾಂತಾ ಎನ್ನುವುದು ಇದಕ್ಕೂ ಸಲ್ಲುತ್ತದೆ. ಹಾಗಾಗಿ ಬಳ್ಳಿ ತೋರಿಸಿ ವಿಷ್ಣುಕ್ರಾಂತಿ ಎಂದವರೂ ಸುಳ್ಳು ಹೇಳಿದಂತಲ್ಲ.

ಕೈಯಲ್ಲಿ ಹಿಡಿದು ಗುರುತಿಸುವುದು ಹೇಗೆ

ಶಂಖಪುಷ್ಪದಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಒಂದೇ ಕಡ್ಡಿಗೆ ಐದೋ ಏಳೋ ಚಿಕ್ಕ ಎಲೆಗಳು, ನಾಲ್ಕು ಸೆಂಟಿಮೀಟರ್‌ಗಿಂತ ದೊಡ್ಡ ಹೂ, ಏನು ಸಿಕ್ಕರೂ ಸುತ್ತಿಕೊಳ್ಳುವ ಕಾಂಡ. ತೊಡಕಿರುವುದು ಮೊದಲ ಎರಡರಲ್ಲಿ.

ಹೂವಿನ ಅಗಲ ನೋಡಿ. ನಮ್ಮ ವಿಷ್ಣುಕ್ರಾಂತಿಯ ಹೂ ಒಂದು ಸೆಂಟಿಮೀಟರ್ ದಾಟುವುದು ಅಪರೂಪ. ತಿಳಿ ನೀಲಿ, ಕೆಲವು ಕಡೆ ಬಿಳಿ. ಬ್ಲೂ ಡೇಜ್ ಹೂ ಅದರ ಎರಡರಷ್ಟಕ್ಕಿಂತ ದೊಡ್ಡದು. ಕಡು ನೀಲಿ, ನಡುವೆ ಬಿಳಿ ಚುಕ್ಕೆ.

ಹೂವಿನ ತೊಟ್ಟು ಇನ್ನೂ ಒಳ್ಳೆಯ ಗುರುತು. ನಮ್ಮದರಲ್ಲಿ ಹೂ ಎಲೆಯ ಬುಡದಿಂದ ಹೊರಟ ಕೂದಲಿನಂಥ ಉದ್ದ ತೊಟ್ಟಿನ ತುದಿಯಲ್ಲಿ ಕೂತಿರುತ್ತದೆ. ತೊಟ್ಟು ಎಲೆಗಿಂತಲೂ ಉದ್ದ. ಸ್ವಲ್ಪ ಗಾಳಿ ಬಂದರೂ ಹೂ ನಡುಗುತ್ತದೆ. ಬ್ಲೂ ಡೇಜ್‌ನಲ್ಲಿ ತೊಟ್ಟು ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ಹೂಗಳು ರೆಂಬೆಯ ತುದಿಯಲ್ಲಿ ಗುಂಪಾಗಿ ಎಲೆಗೆ ಅಂಟಿದಂತೆ ಇರುತ್ತವೆ. ಹೂ ಇಲ್ಲದಾಗ ಎಲೆ ಮುಟ್ಟಿ ನೋಡಿ. ಎರಡರಲ್ಲೂ ನುಣುಪು ರೋಮ ಇದೆ. ಆದರೆ ಬ್ಲೂ ಡೇಜ್ ಎಲೆ ದಪ್ಪ, ಮಂದವಾದ ಬಟ್ಟೆ ಮುಟ್ಟಿದಂತೆ.

ಇನ್ನೊಂದು ಸೊಗಸಾದ ಸಂಗತಿ ಇದೆ. ಈ ಎರಡೂ ಬೆಳಗಿನ ಹೂಬಳ್ಳಿಗಳ ಕುಟುಂಬದವು. ಗೆಣಸು, ಅಡುಂಬು ಬಳ್ಳಿ ಎಲ್ಲವೂ ಇದೇ ಕುಟುಂಬ. ಅವುಗಳಲ್ಲಿ ಬಹಳಷ್ಟು ಸುತ್ತಿಕೊಂಡೋ ಹಬ್ಬಿಕೊಂಡೋ ಹೋಗುತ್ತವೆ. ಅದಕ್ಕೇ ಆ ಕುಟುಂಬದ ಹೆಸರು ಕನ್ವಾಲ್ವುಲೇಸಿ. ಲ್ಯಾಟಿನ್‌ನಲ್ಲಿ ಸುತ್ತು ಎಂಬ ಅರ್ಥದ ಮಾತಿನಿಂದ ಬಂದದ್ದು. ಎವಾಲ್ವುಲಸ್ ಅಂದರೆ ಸುತ್ತು ಬಿಚ್ಚಿದ್ದು. ಇವು ಯಾವುದನ್ನೂ ಸುತ್ತುವುದಿಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ನಮ್ಮ ವಿಷ್ಣುಕ್ರಾಂತಿಯನ್ನು ಮೊದಲು ಕನ್ವಾಲ್ವುಲಸ್ ಎಂಬ ಕುಲದ ಜೊತೆಗೇ ಸೇರಿಸಿದ್ದ. 1762ರಲ್ಲಿ ಬೇರೆ ಮಾಡಿ ಈಗಿನ ಹೆಸರು ಕೊಟ್ಟ. ಅಂದರೆ ಈ ಪುಟ್ಟ ಗಿಡದ ಹೆಸರಿನ ಗೊಂದಲ ಇವತ್ತಿನದಲ್ಲ.

ಮಕ್ಕಳಿದ್ದರೆ ಒಂದು ಭೂತಗನ್ನಡಿ ಕೊಟ್ಟು ಹೂವಿನ ನಡುಭಾಗ ತೋರಿಸಿ. ಎರಡು ಶಲಾಕೆಗಳು (ಹೂವಿನ ಹೆಣ್ಣುಭಾಗದ ಸಣ್ಣ ದಂಟುಗಳು), ಪ್ರತಿಯೊಂದೂ ಮತ್ತೆ ಎರಡಾಗಿ ಸೀಳಿ, ಒಟ್ಟು ನಾಲ್ಕು ಸಣ್ಣ ಎಳೆಗಳು ಕಾಣುತ್ತವೆ. ಇದು ಎವಾಲ್ವುಲಸ್ ಕುಲದ ಗುರುತು. ಬಿಳಿ ಹೂವಿನ ಗಿಡ ಸಿಕ್ಕು, ಇದು ವಿಷ್ಣುಕ್ರಾಂತಿಯೋ ಉತ್ತರ ಭಾರತದ ಶಂಖಪುಷ್ಪಿಯೋ (ಇದು ಶಂಖಪುಷ್ಪದ ಬಳ್ಳಿಯಲ್ಲ, ಬೇರೆಯೇ ಗಿಡ) ಎಂಬ ಅನುಮಾನ ಬಂದಾಗ ಇದೇ ತೀರ್ಪು ಕೊಡುತ್ತದೆ. ಆ ಶಂಖಪುಷ್ಪಿಯಲ್ಲಿ ಶಲಾಕೆ ಒಂದೇ, ತುದಿ ಮಾತ್ರ ಎರಡು.

ಮಳೆಗಾಲದಲ್ಲಿ ನೀಲಿ ಹೂ ಕಂಡು ಮೋಸ ಹೋಗುವ ಇನ್ನೊಂದು ಗಿಡ ಕನ್ನೆಸೊಪ್ಪು. ಅದರಲ್ಲಿ ಎದ್ದು ಕಾಣುವ ದಳ ಎರಡೇ. ಕಾಂಡ ರಸಭರಿತ. ನೀರು ನಿಲ್ಲುವ ಕಡೆ ಅದು, ನೀರು ನಿಲ್ಲದ ಕಡೆ ಇದು.

ನಿಮಗೆ ಯಾವುದು ಬೇಕು

ಇಲ್ಲಿ ನಾನು ನೇರವಾಗಿ ಹೇಳುತ್ತೇನೆ. ನೋಡಿದವರು "ಆಹಾ" ಅನ್ನಬೇಕು, ಬಾಲ್ಕನಿ ತುಂಬ ನೀಲಿ ಕಾಣಬೇಕು ಅಂತಿದ್ದರೆ ಬ್ಲೂ ಡೇಜ್ ತಗೊಳ್ಳಿ. ಅದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ಬಿಸಿಲು ಬೀಳುವ ಕಡೆ ಇಟ್ಟರೆ ವರ್ಷದ ಬಹುಭಾಗ ಹೂ ಬಿಡುತ್ತದೆ. ತೂಗು ಕುಂಡಕ್ಕೂ ಹೊಂದುತ್ತದೆ. ಬೀಜದ ಗೊಡವೆ ಬೇಡ. ನಾಲ್ಕು ಇಂಚಿನ ಎಳೆ ರೆಂಬೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಚುಚ್ಚಿ ನೆರಳಲ್ಲಿಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಅದರ ಒಂದೇ ದೌರ್ಬಲ್ಯ ನೀರು. ಬೇರಿನ ಸುತ್ತ ನೀರು ನಿಂತರೆ ಕೊಳೆಯುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಮಾಡಿನ ಕೆಳಗೆ ಇಡಲೇಬೇಕು.

ಬೇಲಿ, ಜಾಲರಿ, ಕಿಟಕಿಯ ಸರಳು ಇದ್ದರೆ ಶಂಖಪುಷ್ಪ. ಎರಡು ಮೂರು ಮೀಟರ್ ಸಲೀಸಾಗಿ ಹತ್ತುತ್ತದೆ. ಬೀಜವನ್ನು ರಾತ್ರಿ ನೆನೆಸಿಟ್ಟು ಬಿತ್ತಿದರೆ ಒಂದೆರಡು ವಾರದಲ್ಲಿ ಮೊಳಕೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಹಾಗಾಗಿ ಗೊಬ್ಬರದ ಚಿಂತೆ ಕಡಿಮೆ, ಮಣ್ಣಿಗೂ ಲಾಭ. ಗಿಡಹೇನು ಹತ್ತುವುದುಂಟು. ನೀರಿನ ಪೈಪು ಹಿಡಿದು ಜೋರಾಗಿ ತೊಳೆದರೆ ಸಾಕಾಗುತ್ತದೆ.

ಹಾಗಾದರೆ ನಮ್ಮ ವಿಷ್ಣುಕ್ರಾಂತಿ ಯಾರಿಗೆ? ನೀರು ಹಾಕಲು ಪುರುಸೊತ್ತಿಲ್ಲದವರಿಗೆ. ಮನೆ ಮುಂದೆ ಏನೂ ಬೆಳೆಯದ ಕೆಂಪು ಜಲ್ಲಿಮಣ್ಣು ಇರುವವರಿಗೆ. ಬಗ್ಗಿ ನೋಡುವ ಅಭ್ಯಾಸ ಇರುವವರಿಗೆ. ನಿಜ ಹೇಳಬೇಕೆಂದರೆ ದೂರದಿಂದ ಇದು ಕಾಣುವುದೇ ಇಲ್ಲ. ಹುಲ್ಲಿನ ನಡುವೆ ನೀಲಿ ಚುಕ್ಕಿಗಳು, ಅಷ್ಟೇ. ಆದರೆ ಬೆಳಗ್ಗೆ ಒಂಬತ್ತಕ್ಕೆ ಮಂಡಿಯೂರಿ ಕೂತು ನೋಡಿದರೆ ಅದರ ನೀಲಿ ಬೇರೆಯೇ. ಎಳೆ ಬಿಸಿಲಿನಲ್ಲಿ ಎಲೆಯ ಅಂಚಿನ ರೋಮ ಬೆಳ್ಳಿಯಂತೆ ಹೊಳೆಯುತ್ತದೆ. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ.

ಆಯ್ಕೆ ಮಾಡುವಾಗ ಯಾರೂ ಯೋಚಿಸದ ಒಂದು ವಿಷಯ ಇದೆ: ನೀವು ಮನೆಯಲ್ಲಿರುವ ಹೊತ್ತು. ವಿಷ್ಣುಕ್ರಾಂತಿ ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಬ್ಲೂ ಡೇಜ್ ಕೂಡ ಮಧ್ಯಾಹ್ನ ದಾಟಿದರೆ ಮುಚ್ಚುತ್ತದೆ. ಮೋಡ ಕವಿದ ದಿನ ಸರಿಯಾಗಿ ಅರಳುವುದೂ ಇಲ್ಲ. ಎಂಟಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಬರುವವರು ಇವೆರಡರ ಹೂವನ್ನು ಭಾನುವಾರ ಮಾತ್ರ ನೋಡಬಹುದು. ಅಂಥವರಿಗೆ ಶಂಖಪುಷ್ಪವೇ ಒಳ್ಳೆಯದು. ಅದರ ದೊಡ್ಡ ಹೂ ಬೆಳಗ್ಗೆ ಬೇಗ ಅರಳಿ ದಿನವಿಡೀ ಇರುತ್ತದೆ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರಿಗೂ ಒಂದು ಮಾತು. ಬೇಸಿಗೆಯಲ್ಲಿ ಅಲ್ಲಿನ ಗಿಡದಂಗಡಿಗಳಲ್ಲಿ ಬ್ಲೂ ಡೇಜ್ ಕಂಡು ಊರಿನ ನೆನಪಾಗಬಹುದು. ಅದು, ಶಂಖಪುಷ್ಪ, ಎರಡೂ ಹಿಮ ತಡೆಯುವುದಿಲ್ಲ. ಚಳಿ ಊರುಗಳಲ್ಲಿ ಒಂದು ಬೇಸಿಗೆಯ ಗಿಡ ಅಂದುಕೊಂಡೇ ಬೆಳೆಸಿ. ಇಲ್ಲವೇ ಕುಂಡವನ್ನು ಒಳಗೆ ಬಿಸಿಲು ಬರುವ ಕಿಟಕಿಯ ಹತ್ತಿರ ಇಟ್ಟುಕೊಳ್ಳಿ.

ಪೂಜೆಗೆ, ಚಹಾಕ್ಕೆ, ಔಷಧಿಗೆ

ಗಣೇಶನ ಹಬ್ಬದ 21 ಪತ್ರೆಗಳಲ್ಲಿ ವಿಷ್ಣುಕ್ರಾಂತ ಪತ್ರೆಯೂ ಒಂದು. ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಕಟ್ಟು ಕೊಳ್ಳುವಾಗ ಯಾವ ಎಲೆ ಯಾವುದೆಂದು ಯಾರೂ ಕೇಳುವುದಿಲ್ಲ. ಹಲವು ಮನೆಗಳಲ್ಲಿ ಶಂಖಪುಷ್ಪದ ಎಲೆ ಇಡುತ್ತಾರೆ, ನಮ್ಮ ಮನೆಯಲ್ಲಿ ನೆಲದ ವಿಷ್ಣುಕ್ರಾಂತಿ. ಎರಡಕ್ಕೂ ಹೆಸರಿನ ಆಧಾರ ಇದೆ. ನಿಮ್ಮ ಮನೆಯ ಹಿರಿಯರು ಯಾವುದನ್ನು ಇಡುತ್ತಿದ್ದರೋ ಅದನ್ನೇ ಇಡಿ. ಬ್ಲೂ ಡೇಜ್ ಮಾತ್ರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪತ್ರೆಯ ಪಟ್ಟಿ ಹುಟ್ಟಿದಾಗ ಅದು ಈ ದೇಶದಲ್ಲಿ ಇರಲೇ ಇಲ್ಲ. ಭಾದ್ರಪದ ಅಂದರೆ ನಮ್ಮ ವಿಷ್ಣುಕ್ರಾಂತಿ ಮಳೆ ಕುಡಿದು ಚೆನ್ನಾಗಿ ಹಬ್ಬಿರುವ ಕಾಲ. ಒಂದು ಕುಂಡ ಇದ್ದರೆ ಎರಡು ಕುಡಿ ಚಿವುಟಿದರೆ ಮುಗಿಯಿತು.

ಕೇರಳದವರಿಗೂ ಇದು ಹತ್ತಿರದ ಗಿಡ. ಅವರ ದಶಪುಷ್ಪಗಳಲ್ಲಿ ವಿಷ್ಣುಕ್ರಾಂತಿ ಇದೆ. ಕರ್ಕಾಟಕ ಮಾಸದಲ್ಲಿ, ತಿರುವಾದಿರ ಹಬ್ಬದಲ್ಲಿ ಆ ಹತ್ತನ್ನೂ ಸೇರಿಸಿ ಇಡುತ್ತಾರೆ, ಹೆಂಗಸರು ಮುಡಿಯುತ್ತಾರೆ. ಅಲ್ಲಿ ಇದೇ ಪುಟ್ಟ ಗಿಡ.

ನೀಲಿ ಚಹಾ ಬೇಕಾದರೆ ಶಂಖಪುಷ್ಪ ಒಂದೇ. ಬಿಸಿನೀರಿಗೆ ನಾಲ್ಕೈದು ಹೂ ಹಾಕಿದರೆ ನೀಲಿ ಬಿಡುತ್ತದೆ. ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುತ್ತದೆ. ಹೂವಿನ ಆಂಥೋಸಯನಿನ್ ಬಣ್ಣ ಹುಳಿಗೆ ಬದಲಾಗುವುದರಿಂದ ಹೀಗೆ. ಮಲೇಷ್ಯಾದಲ್ಲಿ ಅನ್ನಕ್ಕೂ ಈ ಬಣ್ಣ ಕಟ್ಟುತ್ತಾರೆ. ಹೂ ಮಾತ್ರ ಬಳಸಿ. ಬೇರು ಮತ್ತು ಬೀಜ ಭೇದಿ ಮಾಡಿಸುವಂಥವು, ಮಕ್ಕಳ ಕೈಗೆ ಕಾಯಿ ಸಿಗದಂತೆ ನೋಡಿಕೊಳ್ಳಿ. ಬ್ಲೂ ಡೇಜ್ ತಿನ್ನುವ ಗಿಡವಲ್ಲ. ನರ್ಸರಿಯಲ್ಲಿ ಅಲಂಕಾರದ ಗಿಡಗಳಿಗೆ ಏನೇನು ಸಿಂಪಡಿಸಿರುತ್ತಾರೋ, ಆ ದೃಷ್ಟಿಯಿಂದಲೂ ಬೇಡ.

ಔಷಧಿಯ ವಿಷಯಕ್ಕೆ ಬಂದರೆ ಎಚ್ಚರ ಬೇಕು. ನೆನಪಿನ ಶಕ್ತಿಗೆ ಎಂದು ಹೆಸರಾದ ಶಂಖಪುಷ್ಪಿ ಯಾವುದು ಎಂಬುದರಲ್ಲೇ ಒಮ್ಮತ ಇಲ್ಲ. ಭಾರತದ ಆಯುರ್ವೇದ ಫಾರ್ಮಕೋಪಿಯ, ಅಂದರೆ ಔಷಧಗಳ ಅಧಿಕೃತ ಗ್ರಂಥ, ಶಂಖಪುಷ್ಪಿ ಎಂದು ಹೆಸರಿಸುವುದು ಕನ್ವಾಲ್ವುಲಸ್ ಪ್ಲೂರಿಕಾಲಿಸ್ ಎಂಬ ಇನ್ನೊಂದು ಗಿಡವನ್ನು. ಮೇಲೆ ಹೇಳಿದ ಉತ್ತರ ಭಾರತದ ಶಂಖಪುಷ್ಪಿ ಅದೇ. ಕೇರಳದಲ್ಲಿ ಅದೇ ಹೆಸರಿಗೆ ಶಂಖಪುಷ್ಪದ ಬಳ್ಳಿಯನ್ನು ಬಳಸುತ್ತಾರೆ. ಬೇರೆ ಕೆಲವು ಕಡೆ ನಮ್ಮ ವಿಷ್ಣುಕ್ರಾಂತಿಯನ್ನೇ ಒಣಗಿಸಿ ಆ ಹೆಸರಿನಲ್ಲಿ ಮಾರುತ್ತಾರೆ. ಒಂದೇ ಪುಡಿಯ ಹೆಸರಿನ ಹಿಂದೆ ಮೂರು ಗಿಡ! ಹಾಗಾಗಿ ಓದಿದ್ದು ಕೇಳಿದ್ದು ನಂಬಿ ಮನೆಯ ಗಿಡ ಕಿತ್ತು ಕಷಾಯ ಮಾಡಬೇಡಿ. ಬೇರೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ನೆಲದ ವಿಷ್ಣುಕ್ರಾಂತಿಯನ್ನು ತರುವುದು ಎಲ್ಲಿಂದ

ಬಯಲಿನಿಂದ ಕಿತ್ತು ತರಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನೇ ಆ ತಪ್ಪು ಮಾಡಿದ್ದೇನೆ. ಅಜ್ಜಿ ಊರಿನ ಗುಡ್ಡದಿಂದ ಮೂರು ಗಿಡ ಅಗೆದು ತಂದೆ. ಮೇಲೆ ಕಾಣುವ ಗಿಡ ಅಂಗೈಯಗಲ, ಬೇರು ಮಾತ್ರ ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದಿತ್ತು. ಮೂರರಲ್ಲೂ ಬೇರು ತುಂಡಾಯಿತು. ವಾರದೊಳಗೆ ಮೂರೂ ಒಣಗಿದವು. ಎಷ್ಟು ಬೇಸಿಗೆ ದಾಟಿ ಬದುಕಿದ್ದ ಗಿಡಗಳೋ ಏನೋ. ಈಗಲೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಬೀಜ ತನ್ನಿ. ಮಳೆಗಾಲ ಮುಗಿಯುತ್ತಾ ಬಂದಾಗ ತೊಟ್ಟಿನ ತುದಿಯಲ್ಲಿ ಕಂದು ಬಣ್ಣದ ಸಣ್ಣ ಗುಂಡು ಕಾಯಿಗಳು ಸಿಗುತ್ತವೆ. ಒಂದರಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ಒಂದು ಗಿಡದಿಂದ ಐದಾರು ಕಾಯಿ ಸಾಕು, ಉಳಿದದ್ದು ಆ ನೆಲಕ್ಕೇ ಇರಲಿ. ರಸ್ತೆ ಬದಿ, ಹೊಲದ ಬದು, ಮನೆ ಕಟ್ಟಲು ಗುರುತು ಹಾಕಿದ ಸೈಟುಗಳಲ್ಲಿ ಮೊದಲು ಹುಡುಕಿ. ಅಲ್ಲಿ ಹೇಗೂ ಜೆಸಿಬಿ ಬರುವುದಿದೆ, ಅಲ್ವಾ? ಅಂಥ ಕಡೆ ಬೀಜ ಎತ್ತಿಕೊಂಡರೆ ಗಿಡದ ಸಂತತಿಯಾದರೂ ಉಳಿಯುತ್ತದೆ. ರಕ್ಷಿತ ಪ್ರದೇಶಗಳಲ್ಲಿ ಬೀಜವನ್ನೂ ಮುಟ್ಟಬಾರದು.

ಬೀಜದ ಸಿಪ್ಪೆ ಗಟ್ಟಿ, ನೀರು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಸ್ಯಾಂಡ್‌ಪೇಪರ್ ಮೇಲೆ ಬೆರಳಿನಿಂದ ಮೆಲ್ಲಗೆ ಉಜ್ಜಿ, ಒಂದು ರಾತ್ರಿ ನೆನೆಸಿ, ಆಮೇಲೆ ಬಿತ್ತಿ. ಕುಂಡ ಅಗಲವಾಗಿರಲಿ. ಕೆಂಪು ಮಣ್ಣು ಮತ್ತು ದಪ್ಪ ಮರಳು ಹೆಚ್ಚುಕಡಿಮೆ ಸಮ, ಒಂದು ಹಿಡಿ ಎಲೆಗೊಬ್ಬರ. ಅದಕ್ಕಿಂತ ಜಾಸ್ತಿ ಗೊಬ್ಬರ ಬೇಡ. ಬಡ ಮಣ್ಣಿಗೆ ಒಗ್ಗಿದ ಗಿಡ ಇದು, ಮೇವು ಹೆಚ್ಚಾದರೆ ಬರೀ ಎಲೆ. ಪೂರ್ತಿ ಬಿಸಿಲು ಬೇಕು. ಮಣ್ಣು ಒಣಗಿದ ಮೇಲೆ ನೀರು.

ಬೇಸಿಗೆಯಲ್ಲಿ ಮೇಲಿನ ಕಾಂಡ ಒಣಗಿ ಸತ್ತಂತೆ ಕಾಣಬಹುದು. ಸುಮ್ನೆ ಬಿಡಿ, ಎಸೆಯಬೇಡಿ. ನನ್ನ ಕುಂಡವನ್ನು ಒಂದು ಏಪ್ರಿಲ್‌ನಲ್ಲಿ ಖಾಲಿ ಅಂದುಕೊಂಡು ಮೂಲೆಗೆ ಸರಿಸಿದ್ದೆ. ಮೇ ತಿಂಗಳ ಎರಡು ಮಳೆ ಬಿದ್ದದ್ದೇ ಬುಡದಿಂದ ಹಸಿರು ಎದ್ದಿತು. ಬ್ಲೂ ಡೇಜ್ ಬೇಸಿಗೆಯಲ್ಲಿ ಒಮ್ಮೆ ಪೂರ್ತಿ ಒಣಗಿದರೆ ಹೀಗೆ ಎದ್ದದ್ದನ್ನು ನಾನು ಕಂಡಿಲ್ಲ.

ಈ ಗುಣ ಬಂದದ್ದು ಅದರ ಮನೆಯಿಂದ. ಬಯಲುಸೀಮೆಯ ಹುಲ್ಲುಗಾವಲು ವರ್ಷದಲ್ಲಿ ಏಳೆಂಟು ತಿಂಗಳು ಒಣಗಿರುತ್ತದೆ. ದನಕುರಿ ಮೇಯುತ್ತವೆ, ಕೆಲವೊಮ್ಮೆ ಬೆಂಕಿಯೂ ಬೀಳುತ್ತದೆ. ಇಷ್ಟಕ್ಕೂ ತಡೆದುಕೊಳ್ಳಲು ಜೀವವನ್ನು ನೆಲದಡಿಯ ಬುಡದಲ್ಲಿ ಇಟ್ಟುಕೊಳ್ಳಬೇಕು. ಆದರೆ ಒಂದನ್ನು ಅದು ತಡೆಯುವುದಿಲ್ಲ: ನೆರಳು. ಮೈಸೂರು ಅರಸರು ಅಮೃತ ಮಹಲ್ ದನಗಳಿಗಾಗಿ ಉಳಿಸಿಕೊಂಡು ಬಂದ ಕಾವಲು ಎಂಬ ಮೇವಿನ ಬಯಲುಗಳು, ಹೆಸರಘಟ್ಟದ ಹುಲ್ಲುಗಾವಲು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆ ಮೀಸಲಾದ ಬಯಲು, ಇಂಥವು ಮರ ಇಲ್ಲದ್ದಕ್ಕೇ ಜೀವಂತವಾಗಿರುವ ಜಾಗಗಳು. ಇವನ್ನು ಬಂಜರು ಎಂದು ಕರೆದು ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯಾವನ್ನೋ ನೆಟ್ಟರೆ ಮೊದಲು ಹೋಗುವುದು ಈ ನೆಲ ಹಿಡಿದ ಗಿಡಗಳೇ. ಊರಿನ ಹಸಿರು ಅಭಿಯಾನದಲ್ಲಿ ನೀವಿದ್ದರೆ, ಸಸಿ ನೆಡುವ ಮೊದಲು ಒಂದು ಬೆಳಗ್ಗೆ ಆ ಜಾಗದಲ್ಲಿ ಬಗ್ಗಿಕೊಂಡು ಓಡಾಡಿ ನೋಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನೀಲಿ ಚುಕ್ಕಿ ಕಂಡರೆ ಸಸಿಗಳನ್ನು ರಸ್ತೆ ಬದಿಗೆ, ಶಾಲೆಯ ಅಂಗಳಕ್ಕೆ ಒಯ್ಯಿರಿ.

ನನ್ನ ತಾರಸಿಯಲ್ಲಿ ಈಗ ಮೂರೂ ಇವೆ. ಬ್ಲೂ ಡೇಜ್ ಮೆಟ್ಟಿಲ ಪಕ್ಕ, ಶಂಖಪುಷ್ಪ ನೀರಿನ ಟ್ಯಾಂಕಿನ ಏಣಿಗೆ. ವಿಷ್ಣುಕ್ರಾಂತಿ ಅಗಲ ಕುಂಡದಲ್ಲಿ, ಬಟ್ಟೆ ಒಣಹಾಕಲು ಹೋದಾಗ ಕಣ್ಣಿಗೆ ಬೀಳುವ ಎತ್ತರದಲ್ಲಿ. ಜಾಗ ಒಂದಕ್ಕೇ ಇದ್ದಿದ್ದರೆ ಆ ಅಗಲ ಕುಂಡವನ್ನೇ ಇಟ್ಟುಕೊಳ್ಳುತ್ತಿದ್ದೆ. ಹೋದ ಡಿಸೆಂಬರ್‌ನಲ್ಲಿ ಅದರಿಂದ ಒಂದು ಚಮಚದಷ್ಟು ಬೀಜ ಸಿಕ್ಕಿತು. ಅರ್ಧ ಕಾಗದದ ಪೊಟ್ಟಣದಲ್ಲಿದೆ. ಇನ್ನರ್ಧವನ್ನು ಅಜ್ಜಿ ಊರಿಗೆ ಒಯ್ದು, ಆ ಮೂರು ಗಿಡ ಅಗೆದ ಗುಂಡಿಗಳ ಸುತ್ತ ಉದುರಿಸಿ ಬಂದೆ.